ಕ್ಷೇತ್ರದ ಗೆರೆ ಎಳೆಯುವವರು ಯಾರು? 1788ರಲ್ಲೇ ಶುರುವಾದ ಅಮೆರಿಕದ ಜಗಳ

2025ರ ಆಗಸ್ಟ್‌ನಲ್ಲಿ ಟೆಕ್ಸಾಸ್ ರಾಜ್ಯದ ಶಾಸನಸಭೆ ತನ್ನ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಕ್ಷೇತ್ರಗಳ ನಕ್ಷೆಯನ್ನು ಹೊಸದಾಗಿ ಬರೆಯಿತು. ಹಿಂದಿನ ಜನಗಣತಿ ಮುಗಿದು ಐದು ವರ್ಷವಾಗಿತ್ತು, ಮುಂದಿನದಕ್ಕೆ ಇನ್ನೂ ಐದು ವರ್ಷ ಬಾಕಿ. ರಿಪಬ್ಲಿಕನ್ ಪಕ್ಷಕ್ಕೆ ಇನ್ನೈದು ಸೀಟು ಸಿಗಲಿ ಎನ್ನುವ ಉದ್ದೇಶವನ್ನು ಯಾರೂ ಮುಚ್ಚಿಡಲಿಲ್ಲ. ಇದಕ್ಕೆ ಉತ್ತರವಾಗಿ ಕ್ಯಾಲಿಫೋರ್ನಿಯಾದ ಡೆಮಾಕ್ರಾಟರು ನವೆಂಬರ್ 4ರಂದು ‘ಪ್ರೊಪೊಸಿಷನ್ 50’ ಎಂಬ ಜನಮತಗಣನೆ ಗೆದ್ದು, ತಮಗೆ ಅನುಕೂಲವಾಗುವ ನಕ್ಷೆ ಜಾರಿಗೆ ತಂದರು. ಮಿಸೌರಿ, ನಾರ್ತ್ ಕರೊಲಿನಾಗಳೂ ಗೆರೆ ಬದಲಾಯಿಸಿದವು. 2026ರ ನವೆಂಬರ್ 3ರ ಮಧ್ಯಂತರ ಚುನಾವಣೆಗೆ ಮುನ್ನವೇ ಆಟದ ಅರ್ಧ ಭಾಗ ಶಾಸನಸಭೆಗಳಲ್ಲಿ ಮುಗಿದುಹೋಗಿತ್ತು.

ಹಿಂದೆಂದೂ ಕಾಣದ ಅನಾಹುತ ಎಂದು ಇದನ್ನು ಟೀವಿ ಚರ್ಚೆಗಳಲ್ಲಿ ಬಣ್ಣಿಸಲಾಯಿತು. ಅದು ಪೂರ್ತಿ ನಿಜವಲ್ಲ. ಅಮೆರಿಕದ ಮೊಟ್ಟಮೊದಲ ಕಾಂಗ್ರೆಸ್ ಚುನಾವಣೆಯಲ್ಲೇ, ಅಂದರೆ 1788-89ರಲ್ಲೇ, ರಾಜ್ಯಗಳು ಇದೇ ಅಧಿಕಾರವನ್ನು ಇದೇ ಉದ್ದೇಶಕ್ಕೆ ಬಳಸಿದ್ದವು. ಆಗ ಜಗಳ ಗೆರೆ ಎಲ್ಲಿ ಎಳೆಯಬೇಕು ಎನ್ನುವುದಕ್ಕಿಂತ ಗೆರೆ ಬೇಕೇ ಬೇಡವೇ ಎನ್ನುವುದರ ಸುತ್ತ ಹೆಚ್ಚಾಗಿತ್ತು.

ಮೂಲ ಇರುವುದು ಅಮೆರಿಕ ಸಂವಿಧಾನದ ಒಂದನೇ ವಿಧಿಯ ನಾಲ್ಕನೇ ಸೆಕ್ಷನ್ನಿನಲ್ಲಿ. ಚುನಾವಣೆಯ ಸಮಯ, ಸ್ಥಳ, ವಿಧಾನಗಳನ್ನು ಆಯಾ ರಾಜ್ಯದ ಶಾಸನಸಭೆ ಗೊತ್ತುಮಾಡಬೇಕು. ಆದರೆ ಕಾಂಗ್ರೆಸ್ ಬೇಕೆಂದಾಗ ಕಾನೂನು ಮಾಡಿ ಅದನ್ನು ಬದಲಾಯಿಸಬಹುದು. ‘ವಿಧಾನ’ ಎಂದರೆ ಏನೇನು ಎಂಬ ವಿವರಣೆ ಅಲ್ಲಿಲ್ಲ. ಕ್ಷೇತ್ರ ಎಂಬ ಪದವೂ ಇಲ್ಲ. ಮತದಾರ ಯಾರು ಎನ್ನುವುದನ್ನೂ ರಾಜ್ಯಕ್ಕೇ ಬಿಡಲಾಗಿತ್ತು: ರಾಜ್ಯದ ಕೆಳಮನೆಗೆ ಯಾರು ಮತ ಹಾಕಬಹುದೋ ಅವರೇ ಕಾಂಗ್ರೆಸ್ಸಿನ ಕೆಳಮನೆಯಾದ ಪ್ರತಿನಿಧಿ ಸಭೆಗೂ ಹಾಕಬಹುದು. ಹೀಗಾಗಿಯೇ ನ್ಯೂಜೆರ್ಸಿಯಲ್ಲಿ 50 ಪೌಂಡ್ ಆಸ್ತಿಯಿದ್ದ ಅವಿವಾಹಿತ ಮಹಿಳೆಯರು, ವಿಧವೆಯರು 1807ರ ತನಕ ಮತ ಹಾಕಬಲ್ಲವರಾಗಿದ್ದರು. ಪಕ್ಕದ ರಾಜ್ಯದಲ್ಲಿ ಅದನ್ನು ಕನಸಿನಲ್ಲೂ ಎಣಿಸುವಂತಿರಲಿಲ್ಲ.

1788ರ ಸೆಪ್ಟೆಂಬರ್ 13ರಂದು, ಹೊಸ ಸಂವಿಧಾನಕ್ಕೆ ಮೊದಲಿದ್ದ ಹಳೆಯ ಒಕ್ಕೂಟದ ಕಾಂಗ್ರೆಸ್ ವೇಳಾಪಟ್ಟಿ ಹೊರಡಿಸಿತು. ಹೊಸ ಕಾಂಗ್ರೆಸ್ 1789ರ ಮಾರ್ಚ್ 4ರಂದು ನ್ಯೂಯಾರ್ಕಿನಲ್ಲಿ ಸೇರಬೇಕು. ಒಟ್ಟು 65 ಸೀಟು. ವರ್ಜೀನಿಯಾಕ್ಕೆ 10, ಮ್ಯಾಸಚೂಸೆಟ್ಸ್ ಮತ್ತು ಪೆನ್ಸಿಲ್ವೇನಿಯಾಕ್ಕೆ ತಲಾ 8, ಡೆಲವೇರ್‌ಗೆ ಒಂದೇ ಒಂದು. ನಾರ್ತ್ ಕರೊಲಿನಾ, ರೋಡ್ ಐಲೆಂಡ್ ಇನ್ನೂ ಸಂವಿಧಾನವನ್ನು ಒಪ್ಪಿರಲಿಲ್ಲವಾದ್ದರಿಂದ ಸದ್ಯಕ್ಕೆ 59. ಪ್ರತಿನಿಧಿಗಳನ್ನು ಆರಿಸುವುದು ಹೇಗೆ ಎಂಬುದರ ಬಗ್ಗೆ ವೇಳಾಪಟ್ಟಿ ಸೊಲ್ಲೆತ್ತಲಿಲ್ಲ. ಹನ್ನೊಂದು ರಾಜ್ಯಗಳು ತಮಗೆ ತೋಚಿದಂತೆ ಕಾನೂನು ಬರೆದುಕೊಂಡವು.

ದಾರಿ ಮುಖ್ಯವಾಗಿ ಎರಡು. ಒಂದು, ರಾಜ್ಯವನ್ನು ಕ್ಷೇತ್ರಗಳಾಗಿ ಒಡೆದು ಒಂದೊಂದರಿಂದ ಒಬ್ಬೊಬ್ಬರನ್ನು ಆರಿಸುವುದು. ಇನ್ನೊಂದು, ಇಡೀ ರಾಜ್ಯವೇ ಒಂದು ಕ್ಷೇತ್ರ. ಎಂಟು ಸೀಟಿದ್ದರೆ ಪ್ರತಿ ಮತದಾರನಿಗೂ ಎಂಟು ಮತ. ಇದಕ್ಕೆ ‘ಜನರಲ್ ಟಿಕೆಟ್’ ಎಂಬ ಹೆಸರು ಬಿತ್ತು. ಇದರ ಲೆಕ್ಕ ಸರಳ, ಪರಿಣಾಮ ಕ್ರೂರ. ನೂರು ಮತದಾರರಲ್ಲಿ 52 ಮಂದಿ ಒಂದು ಪಟ್ಟಿಯನ್ನು ಹಾಗೆಹಾಗೇ ಒಪ್ಪಿ ಹಾಕಿದರೆ ಅಷ್ಟೂ ಸೀಟು ಅವರದೇ. ಉಳಿದ 48 ಮಂದಿಗೆ ಸೊನ್ನೆ. ಹಾಗಾಗಿ ರಾಜ್ಯದಲ್ಲಿ ಒಟ್ಟಾರೆ ಮೇಲುಗೈ ಇರುವ ಬಣಕ್ಕೆ ಜನರಲ್ ಟಿಕೆಟ್ ಬೇಕು; ಒಂದು ಮೂಲೆಯಲ್ಲಷ್ಟೇ ಬಲವಿರುವ ಬಣಕ್ಕೆ ಕ್ಷೇತ್ರ ಬೇಕು. ತತ್ತ್ವದ ಮಾತುಗಳೆಲ್ಲ ಇದರ ಮೇಲೆ ಹೊದಿಸಿದ ಶಾಲು.

ಪೆನ್ಸಿಲ್ವೇನಿಯಾದಲ್ಲಿ ಸಂವಿಧಾನದ ಪರ ಇದ್ದ ಫೆಡರಲಿಸ್ಟರಿಗೆ ಫಿಲಡೆಲ್ಫಿಯಾ ಮತ್ತು ಪೂರ್ವ ಭಾಗದ ಬೆಂಬಲ ಗಟ್ಟಿ. ಕ್ಷೇತ್ರ ಮಾಡಿದರೆ ಪಶ್ಚಿಮದ ಬೆಟ್ಟದ ಕೌಂಟಿಗಳು (ನಮ್ಮ ಜಿಲ್ಲೆಗಳಂಥವು) ಕೈತಪ್ಪುತ್ತವೆ ಎಂದು ಜನರಲ್ ಟಿಕೆಟ್ ಇಟ್ಟುಕೊಂಡರು. ಅವರ ‘ಲ್ಯಾಂಕಾಸ್ಟರ್ ಪಟ್ಟಿ’, ವಿರೋಧಿಗಳ ‘ಹ್ಯಾರಿಸ್ಬರ್ಗ್ ಪಟ್ಟಿ’ ಎದುರುಬದುರಾದವು. ಎಂಟಕ್ಕೆ ಎಂಟೂ ಬರಬೇಕಿತ್ತು, ಬಂದದ್ದು ಆರು. ಜರ್ಮನ್ ಮೂಲದ ಮತದಾರರು ಪಟ್ಟಿ ಮುರಿದು ತಮ್ಮವರಿಗೆ ಹಾಕಿದ್ದರಿಂದ ಪೀಟರ್ ಮ್ಯೂಲನ್‌ಬರ್ಗ್, ಡೇನಿಯಲ್ ಹೀಸ್ಟರ್ ಎದುರು ಬಣದಿಂದ ಗೆದ್ದರು. ಪೀಟರನ ತಮ್ಮ ಫ್ರೆಡರಿಕ್ ಫೆಡರಲಿಸ್ಟ್ ಪಟ್ಟಿಯಿಂದ ಗೆದ್ದು ಸಭೆಯ ಮೊದಲ ಸ್ಪೀಕರ್ ಆದ. ಪಟ್ಟಿ ರಾಜಕಾರಣದ ದುರ್ಬಲ ಜಾಗ ಇದೇ: ಮತದಾರ ಒಂದೆರಡು ಹೆಸರು ಹೊಡೆದುಹಾಕಿ ಬೇರೆ ಬರೆದರೆ ಎಣಿಕೆ ಎಲ್ಲ ತಲೆಕೆಳಗು.

ಮೇರಿಲ್ಯಾಂಡ್ ಮತ್ತು ಜಾರ್ಜಿಯಾ ಎರಡನ್ನೂ ಬೆರೆಸಿದವು. ಅಭ್ಯರ್ಥಿ ಕ್ಷೇತ್ರದವನಾಗಿರಬೇಕು, ಮತ ಹಾಕುವುದು ಮಾತ್ರ ಇಡೀ ರಾಜ್ಯ. ಕೇಳಲು ನ್ಯಾಯವಾಗಿದೆ. ಆದರೆ ಒಂದು ಕ್ಷೇತ್ರದ ಜನ ತಿರಸ್ಕರಿಸಿದವನನ್ನು ಬೇರೆ ಕೌಂಟಿಗಳವರು ಸೇರಿ ಅದೇ ಕ್ಷೇತ್ರದ ಹೆಸರಿನಲ್ಲಿ ಗೆಲ್ಲಿಸಬಹುದಿತ್ತು. ಡೆಲವೇರ್ ಇನ್ನೊಂದು ಬಗೆ: ಸೀಟು ಒಂದೇ ಆದರೂ ಪ್ರತಿಯೊಬ್ಬನೂ ಎರಡು ಹೆಸರು ಬರೆಯಬೇಕು, ಅದರಲ್ಲಿ ಒಬ್ಬನಾದರೂ ಬೇರೆ ಕೌಂಟಿಯವನಾಗಿರಬೇಕು. ಊರಿನ ಅಭಿಮಾನಕ್ಕೆ ಕಡಿವಾಣ ಹಾಕುವ ಉಪಾಯ.

ನ್ಯೂ ಇಂಗ್ಲೆಂಡ್ ಎಂದು ಕರೆಯುವ ಈಶಾನ್ಯ ಭಾಗದ ಮ್ಯಾಸಚೂಸೆಟ್ಸ್, ನ್ಯೂ ಹ್ಯಾಂಪ್‌ಷೈರ್‌ಗಳ ಸಮಸ್ಯೆ ಬೇರೆ. ಅಲ್ಲಿ ಹೆಚ್ಚು ಮತ ಪಡೆದರೆ ಸಾಲದು, ಅರ್ಧಕ್ಕಿಂತ ಹೆಚ್ಚು ಬೇಕು. ಪಕ್ಷಗಳೇ ಇನ್ನೂ ಹುಟ್ಟದ ಕಾಲ. ನಾಮಪತ್ರ ಸಲ್ಲಿಕೆ ಎಂಬುದೂ ಇಲ್ಲ. ಊರಸಭೆಯಲ್ಲಿ ಜನ ಮನಸ್ಸಿಗೆ ಬಂದ ಹೆಸರು ಬರೆದು ಚೀಟಿ ಹಾಕುತ್ತಿದ್ದರು. ಮತ ಹತ್ತಾರು ಹೆಸರುಗಳಿಗೆ ಹಂಚಿಹೋಗುವುದು ಸಹಜ. ಮ್ಯಾಸಚೂಸೆಟ್ಸ್‌ನ ಪಶ್ಚಿಮದ ಹ್ಯಾಂಪ್‌ಷೈರ್-ಬರ್ಕ್‌ಷೈರ್ ಕ್ಷೇತ್ರದಲ್ಲಿ 1788ರ ಡಿಸೆಂಬರ್ 18ರಂದು ಮೊದಲ ಮತದಾನ, ಯಾರಿಗೂ ಬಹುಮತವಿಲ್ಲ. ಜನವರಿಯಲ್ಲಿ ಇನ್ನೊಮ್ಮೆ, ಮಾರ್ಚ್‌ನಲ್ಲಿ ಎರಡು ಬಾರಿ, ಕೊನೆಗೆ ಮೇ 11ರಂದು ಐದನೇ ಸುತ್ತಿನಲ್ಲಿ ಥಿಯೊಡೋರ್ ಸೆಡ್ಜ್‌ವಿಕ್ ಗೆದ್ದ. ಅಷ್ಟರಲ್ಲಿ ವಾಷಿಂಗ್ಟನ್ ಪ್ರಮಾಣವಚನವೂ ಆಗಿತ್ತು. ತಪ್ಪಿದ್ದು ಎಲ್ಲಿ ಎಂದರೆ, ಮುಂದಿನ ಸುತ್ತಿಗೆ ಮೊದಲಿಬ್ಬರನ್ನಷ್ಟೇ ಉಳಿಸಿಕೊಳ್ಳುವ ಕಡ್ಡಾಯವನ್ನು ಅವರು ಹಾಕಿರಲಿಲ್ಲ. ಪಕ್ಕದ ನ್ಯೂ ಹ್ಯಾಂಪ್‌ಷೈರ್ ಆ ಜಾಣತನ ತೋರಿತು: ಮೊದಲ ಸುತ್ತು ವಿಫಲವಾದಾಗ ಮೂರು ಸೀಟಿಗೆ ಹೆಚ್ಚು ಮತ ಪಡೆದ ಆರು ಹೆಸರನ್ನು ಮಾತ್ರ ಇಟ್ಟು ಫೆಬ್ರವರಿಯಲ್ಲಿ ಮುಗಿಸಿತು. ಆಮೇಲೆ ಗೆದ್ದ ಮೂವರಲ್ಲಿ ಒಬ್ಬ ನನಗೆ ಬೇಡ ಅಂದ, ಅದು ಬೇರೆ ಮಾತು.

ವರ್ಜೀನಿಯಾದ ಐದನೇ ಕ್ಷೇತ್ರದ ಕಥೆ ಎಲ್ಲರೂ ಹೇಳುವಂಥದು. ರಾಜ್ಯದ ಶಾಸನಸಭೆ ಸಂವಿಧಾನ ವಿರೋಧಿ ಪ್ಯಾಟ್ರಿಕ್ ಹೆನ್ರಿಯ ಹಿಡಿತದಲ್ಲಿತ್ತು. ಸಂವಿಧಾನದ ಮುಖ್ಯ ಶಿಲ್ಪಿ, ಮುಂದೆ ಅಧ್ಯಕ್ಷನಾದ ಜೇಮ್ಸ್ ಮ್ಯಾಡಿಸನ್‌ಗೆ ಸೆನೆಟ್ ಸ್ಥಾನ ತಪ್ಪಿಸಿದ್ದೂ ಅದೇ ಸಭೆ. ಪ್ರತಿನಿಧಿ ಸಭೆಗೆ ನಿಲ್ಲಬೇಕಾದರೆ ಆ ಕ್ಷೇತ್ರದಲ್ಲೇ 12 ತಿಂಗಳು ವಾಸವಾಗಿರಬೇಕು ಎಂದು ಕಾನೂನಿಗೆ ಒಂದು ಸಾಲು ಸೇರಿಸಲಾಯಿತು. ಮ್ಯಾಡಿಸನ್ ಬೇರೆ ಸುರಕ್ಷಿತ ಕ್ಷೇತ್ರಕ್ಕೆ ಹೋಗದ ಹಾಗೆ ಬಾಗಿಲು ಮುಚ್ಚಿತು. ಎಂಟು ಕೌಂಟಿಗಳ ಆ ಕ್ಷೇತ್ರದಲ್ಲಿ ಎದುರಾಳಿ ಜೇಮ್ಸ್ ಮನ್ರೋ, ಮುಂದೆ ಅವನೂ ಅಧ್ಯಕ್ಷನಾದವನು. 1789ರ ಫೆಬ್ರವರಿ 2ರಂದು ಮತದಾನ. ಅಲ್ಲಿ ಚೀಟಿ ಇರಲಿಲ್ಲ. ಮತದಾರ ಕೌಂಟಿಯ ನ್ಯಾಯಾಲಯದ ಮುಂದೆ ಷರೀಫನೆದುರು ನಿಂತು, ಊರವರೆಲ್ಲ ಕೇಳುವಂತೆ ಅಭ್ಯರ್ಥಿಯ ಹೆಸರು ಕೂಗಿ ಹೇಳಬೇಕು. ಗುಮಾಸ್ತ ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಮ್ಯಾಡಿಸನ್‌ಗೆ 1,308, ಮನ್ರೋಗೆ 972. ಮ್ಯಾಡಿಸನ್‌ನ ಸ್ವಂತ ಆರೆಂಜ್ ಕೌಂಟಿಯಲ್ಲಿ 216ಕ್ಕೆ 9.

ಇದನ್ನು ಗೆರೆ ತಿರುಚಿದ ಮೊದಲ ಉದಾಹರಣೆ ಎನ್ನುವವರಿದ್ದಾರೆ. ನಕ್ಷೆ ನೋಡಿದರೆ ಅಷ್ಟು ನಂಬಿಕೆ ಬರುವುದಿಲ್ಲ. ಕ್ಷೇತ್ರ ಒತ್ತೊತ್ತಾಗಿಯೇ ಇದೆ, ಕೌಂಟಿಗಳೂ ಒಂದಕ್ಕೊಂದು ತಾಗಿಕೊಂಡಿವೆ. ನಿಜವಾದ ಕೊಕ್ಕೆ ಇದ್ದದ್ದು ವಾಸದ ಷರತ್ತಿನಲ್ಲಿ. ಅದು ಸಂವಿಧಾನಕ್ಕೆ ಹೊಂದುತ್ತಿತ್ತೇ ಎನ್ನುವ ಪ್ರಶ್ನೆ 1807ರಲ್ಲಿ ಬಾಲ್ಟಿಮೋರಿನ ವಿಲಿಯಂ ಮೆಕ್‌ಕ್ರೀರಿಯ ಪ್ರಕರಣದಲ್ಲಿ ಎದುರಾಯಿತು. 25 ವರ್ಷ ವಯಸ್ಸು, ಏಳು ವರ್ಷದ ಪೌರತ್ವ, ಆ ರಾಜ್ಯದ ನಿವಾಸಿ; ಈ ಮೂರಕ್ಕೆ ರಾಜ್ಯಗಳು ನಾಲ್ಕನೆಯದನ್ನು ಸೇರಿಸುವಂತಿಲ್ಲ ಎಂಬ ವಾದ ಎದ್ದು, ಸಭೆ ಅವನಿಗೆ ಸೀಟು ಕೊಟ್ಟಿತು. ಅಷ್ಟರಲ್ಲಿ ಹದಿನೆಂಟು ವರ್ಷ ಕಳೆದಿತ್ತು. ಇನ್ನು ಆ ಸೋಲು-ಗೆಲುವಿನ ಫಲ? ಗೆಲ್ಲಲೆಂದೇ ಮ್ಯಾಡಿಸನ್ ಬ್ಯಾಪ್ಟಿಸ್ಟ್ ಮತದಾರರಿಗೆ ಸಂವಿಧಾನ ತಿದ್ದುಪಡಿಯ ಮಾತು ಕೊಟ್ಟಿದ್ದ. ಆ ತಿದ್ದುಪಡಿಗಳ, ಅಂದರೆ ಹಕ್ಕುಗಳ ಮಸೂದೆಯ, ಕರಡನ್ನು 1789ರ ಜೂನ್ 8ರಂದು ಅವನೇ ಸಭೆಯ ಮುಂದಿಟ್ಟ. ಹೆನ್ರಿ ಬಣದ ತಂತ್ರ ತಿರುಗುಬಾಣವಾಯಿತು ಎನ್ನಬೇಕೋ, ಬೇರೆ ದಾರಿಯಿಂದ ಫಲಿಸಿತು ಎನ್ನಬೇಕೋ, ಎರಡೂ ಒಪ್ಪುತ್ತವೆ.

ಈ ಇಡೀ ವ್ಯವಸ್ಥೆ ಎಲ್ಲೆಲ್ಲಿ ಸೋರುತ್ತದೆ ಎಂದು ತಿಳಿಯಬೇಕಾದರೆ ನ್ಯೂಜೆರ್ಸಿಯನ್ನು ಹತ್ತಿರದಿಂದ ನೋಡಬೇಕು. ನಾಲ್ಕು ಸೀಟು, ಜನರಲ್ ಟಿಕೆಟ್. ರಾಜ್ಯದೊಳಗೇ ಎರಡು ಹಳೆಯ ನಾಡು: ಫಿಲಡೆಲ್ಫಿಯಾ ಕಡೆ ಮುಖ ಮಾಡಿದ ವೆಸ್ಟ್ ಜೆರ್ಸಿ, ನ್ಯೂಯಾರ್ಕ್ ಕಡೆ ಮುಖ ಮಾಡಿದ ಈಸ್ಟ್ ಜೆರ್ಸಿ. 1789ರ ಫೆಬ್ರವರಿ 11ರಂದು ಮತದಾನ ಆರಂಭ ಎಂದು ಕಾನೂನು ಹೇಳಿತು. ಯಾವತ್ತು ಮುಗಿಯಬೇಕು ಎಂದು ಬರೆಯುವುದನ್ನು ಬಿಟ್ಟಿತ್ತು. ಮತಗಟ್ಟೆಯನ್ನು ಕೌಂಟಿಯ ಒಂದು ಜಾಗದಿಂದ ಇನ್ನೊಂದಕ್ಕೆ ಒಯ್ಯಲು ಮಾತ್ರ ಅವಕಾಶವಿತ್ತು.

ಇಷ್ಟು ಸಾಕಾಯಿತು. ಎದುರಿನವರಿಗೆ ಎಷ್ಟು ಬಿದ್ದಿದೆ ಎಂದು ಗೊತ್ತಾಗುವ ತನಕ ತಮ್ಮ ಕಡೆಯ ಮತಗಟ್ಟೆ ತೆರೆದಿಟ್ಟುಕೊಳ್ಳುವುದೇ ಲಾಭ. ವೆಸ್ಟ್ ಜೆರ್ಸಿ ಕೌಂಟಿಗಳು ಫೆಬ್ರವರಿ 23ರ ಹೊತ್ತಿಗೆ ಮುಗಿಸಿದವು. ಈಸ್ಟ್ ಜೆರ್ಸಿಯ ಎಸೆಕ್ಸ್ ಕೌಂಟಿ ಮತ ತೆಗೆದುಕೊಳ್ಳುತ್ತಲೇ ಹೋಯಿತು. ಅದು ಬಾಗಿಲು ಹಾಕಿದ್ದು ಏಪ್ರಿಲ್ 27ಕ್ಕೆ. ಕಾಂಗ್ರೆಸ್ ಸೇರಬೇಕಾದ ದಿನ ಕಳೆದು ಏಳು ವಾರ ಮೀರಿತ್ತು. ಗವರ್ನರ್ ವಿಲಿಯಂ ಲಿವಿಂಗ್‌ಸ್ಟನ್ ಮತ್ತು ಅವನ ಮಂತ್ರಾಲೋಚನಾ ಮಂಡಳಿ ಕಾಯಲಿಲ್ಲ. ಬಂದ ಕೌಂಟಿಗಳ ಲೆಕ್ಕವಷ್ಟೇ ಹಿಡಿದು ಮಾರ್ಚ್ ಮೂರನೇ ವಾರದಲ್ಲಿ, ವೆಸ್ಟ್ ಜೆರ್ಸಿ ಬಣದ ‘ಜುಂಟೋ ಪಟ್ಟಿ’ ಎಂದು ಕರೆಸಿಕೊಂಡಿದ್ದ ಬೂಡಿನೋ, ಕ್ಯಾಡ್‌ವಾಲಡರ್, ಶುರ್ಮನ್, ಸಿನಿಕ್ಸನ್ ಗೆದ್ದರೆಂದು ಘೋಷಿಸಿಬಿಟ್ಟರು. ಎಸೆಕ್ಸ್‌ನ ಮತ ಲೆಕ್ಕಕ್ಕೇ ಬರಲಿಲ್ಲ. ದೂರು ಪ್ರತಿನಿಧಿ ಸಭೆಗೆ ಹೋಯಿತು. ಸಭೆ ಸೆಪ್ಟೆಂಬರ್ 2ರಂದು ನಾಲ್ವರ ಆಯ್ಕೆಯನ್ನು ಎತ್ತಿಹಿಡಿಯಿತು. ದೂರು ತೀರ್ಮಾನವಾಗುವಷ್ಟರಲ್ಲಿ ಆ ನಾಲ್ವರೂ ಹಕ್ಕುಗಳ ಮಸೂದೆಯ ಮೇಲೆ ಮತ ಹಾಕಿ ಆಗಿತ್ತು.

ಮುಂದಿನ ವರ್ಷಗಳಲ್ಲಿ ನ್ಯೂಜೆರ್ಸಿ ವಿಧಾನವನ್ನೇ ಆಯುಧ ಮಾಡಿಕೊಂಡಿತು. 1798ರಲ್ಲಿ ರಾಜ್ಯವ್ಯಾಪಿ ಸೋಲಿನ ಭಯದಿಂದ ಫೆಡರಲಿಸ್ಟರು ಐದು ಕ್ಷೇತ್ರ ಮಾಡಿದರು. ಜೆಫರ್ಸನ್ ಬಣದ ರಿಪಬ್ಲಿಕನ್ನರು (ಇಂದಿನ ರಿಪಬ್ಲಿಕನ್ ಪಕ್ಷವಲ್ಲ) ಮೂರನ್ನು ಗೆದ್ದರು. ಸಿಟ್ಟಿನಿಂದ ಮತ್ತೆ ಜನರಲ್ ಟಿಕೆಟ್. 1800ರಲ್ಲಿ ರಿಪಬ್ಲಿಕನ್ನರು ಐದನ್ನೂ ಬಾಚಿದರು. 1812ರಲ್ಲಿ ಬ್ರಿಟನ್ ವಿರುದ್ಧದ ಯುದ್ಧಕ್ಕೆ ಬೇಸತ್ತ ಜನ ಫೆಡರಲಿಸ್ಟರಿಗೆ ಶಾಸನಸಭೆಯನ್ನು ಕೊಟ್ಟಾಗ, ಅವರು ಚುನಾವಣೆ ಹೊಸ್ತಿಲಲ್ಲಿ ಇರುವಾಗಲೇ ರಾಜ್ಯವನ್ನು ಎರಡೆರಡು ಸೀಟಿನ ಮೂರು ಕ್ಷೇತ್ರಗಳಾಗಿ ಸೀಳಿ ಆರರಲ್ಲಿ ನಾಲ್ಕು ಗಿಟ್ಟಿಸಿಕೊಂಡರು. ಮುಂದಿನ ಚುನಾವಣೆಗೆ ಮತ್ತೆ ಜನರಲ್ ಟಿಕೆಟ್. ಅದೇ 1812ರಲ್ಲಿ ಮ್ಯಾಸಚೂಸೆಟ್ಸ್ ಗವರ್ನರ್ ಎಲ್‌ಬ್ರಿಜ್ ಗೆರಿ ಸಹಿ ಹಾಕಿದ ನಕ್ಷೆಯನ್ನು ಗೇಲಿಮಾಡಿದ ವ್ಯಂಗ್ಯಚಿತ್ರದೊಂದಿಗೆ, ಗೆರೆ ತಿರುಚುವುದಕ್ಕೆ ‘ಜೆರಿಮ್ಯಾಂಡರ್’ ಎಂಬ ಪದ ಹುಟ್ಟಿ ಜಗತ್ತಿಡೀ ಹರಡಿತು. ಅದು ರಾಜ್ಯದ ಸೆನೆಟ್ ಕ್ಷೇತ್ರಗಳ ನಕ್ಷೆ, ಕಾಂಗ್ರೆಸ್ಸಿನದಲ್ಲ. ನ್ಯೂಜೆರ್ಸಿ ಮಾಡಿದ್ದಕ್ಕೆ ವ್ಯಂಗ್ಯಚಿತ್ರ ಸಿಗಲಿಲ್ಲ, ಹಾಗಾಗಿ ಹೆಸರೂ ಸಿಗಲಿಲ್ಲ.

ಜನರಲ್ ಟಿಕೆಟ್‌ನ ಅಪಾಯ ಪೂರ್ತಿಯಾಗಿ ಬಯಲಾದದ್ದು 1838ರಲ್ಲಿ, ಮತ್ತೆ ಅಲ್ಲೇ. ಆರು ಸೀಟಿಗೆ ಆಗಿನ ಎರಡು ಮುಖ್ಯ ಪಕ್ಷಗಳಾದ ವಿಗ್ ಮತ್ತು ಡೆಮಾಕ್ರಾಟ್ ಪಟ್ಟಿಗಳ ನಡುವೆ ಅಂತರ ತೀರಾ ಕಡಿಮೆ. ಕಂಬರ್ಲೆಂಡ್ ಕೌಂಟಿಯ ಮಿಲ್‌ವಿಲ್, ಮಿಡಲ್‌ಸೆಕ್ಸ್ ಕೌಂಟಿಯ ಸೌತ್ ಆಂಬಾಯ್ ಎಂಬ ಎರಡು ಊರುಗಳ ಮತಪತ್ರ ಲೆಕ್ಕದಲ್ಲಿ ದೋಷವಿದೆ ಎಂದು ಕೌಂಟಿ ಗುಮಾಸ್ತರು ಅವನ್ನು ಕೈಬಿಟ್ಟರು. ಕ್ಷೇತ್ರವಾರು ಚುನಾವಣೆಯಾಗಿದ್ದರೆ ಎರಡು ಊರಿನ ತಕರಾರು ಹೆಚ್ಚೆಂದರೆ ಎರಡು ಸೀಟನ್ನು ಅಲುಗಿಸುತ್ತಿತ್ತು. ಇಲ್ಲಿ ಐದು ಸೀಟು ಒಟ್ಟಿಗೇ ಡೆಮಾಕ್ರಾಟರಿಂದ ವಿಗ್‌ಗಳ ಕಡೆ ಜಾರಿದವು. ವಿಗ್ ಗವರ್ನರ್ ವಿಲಿಯಂ ಪೆನ್ನಿಂಗ್ಟನ್ ರಾಜ್ಯದ ದೊಡ್ಡ ಮುದ್ರೆ ಒತ್ತಿ ತನ್ನವರಿಗೆ ಪ್ರಮಾಣಪತ್ರ ಕೊಟ್ಟ. ‘ಬ್ರಾಡ್ ಸೀಲ್ ಯುದ್ಧ’ ಎಂಬ ಹೆಸರು ಬಂದದ್ದು ಆ ಮುದ್ರೆಯಿಂದ.

1839ರ ಡಿಸೆಂಬರ್ 2ರಂದು ಪ್ರತಿನಿಧಿ ಸಭೆ ಸೇರಿತು. ಸ್ಪೀಕರ್ ಆಯ್ಕೆಯಾಗುವ ತನಕ ಹೆಸರು ಕೂಗುವವನು ಹಿಂದಿನ ಸಭೆಯ ಗುಮಾಸ್ತ ಹ್ಯೂ ಗಾರ್ಲೆಂಡ್, ಡೆಮಾಕ್ರಾಟ್. ನ್ಯೂಜೆರ್ಸಿ ಬಂದಾಗ ತಕರಾರಿಲ್ಲದ ಒಬ್ಬನ ಹೆಸರು ಕೂಗಿ, ಉಳಿದ ಐದನ್ನು ಕೂಗಲಾರೆ ಅಂದ. ಆ ಐದು ಯಾರ ಪಾಲಾಗುತ್ತವೋ ಸಭೆಯ ಬಹುಮತ ಅವರದು, ಸ್ಪೀಕರ್ ಅವರದು. ಎರಡು ಪಕ್ಷಗಳ ಬಲ ಅಷ್ಟು ಸಮಸಮ. ಸ್ಪೀಕರ್ ಇಲ್ಲದೆ ತಕರಾರು ತೀರ್ಮಾನಿಸುವಂತಿಲ್ಲ, ತಕರಾರು ತೀರದೆ ಸ್ಪೀಕರ್ ಆರಿಸುವಂತಿಲ್ಲ. ಮಾಜಿ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್‌ನನ್ನು ತಾತ್ಕಾಲಿಕವಾಗಿ ಕೂರಿಸಿ ದಿನ ದೂಡಿದರು. ಡಿಸೆಂಬರ್ 16ಕ್ಕೆ ಸ್ಪೀಕರ್ ಆಯ್ಕೆ, 1840ರ ಮಾರ್ಚ್‌ನಲ್ಲಿ ಐವರು ಡೆಮಾಕ್ರಾಟರಿಗೆ ಸೀಟು.

ತಕರಾರುಗಳನ್ನು ತೀರ್ಮಾನಿಸುವುದು ಸಭೆಯೇ. ಸಂವಿಧಾನ ಆ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿಲ್ಲ. ಸಭೆಯ ಮೊದಲ ಸ್ಥಾಯಿ ಸಮಿತಿ ಚುನಾವಣಾ ಸಮಿತಿಯೇ ಆಗಿದ್ದು ಸುಮ್ಮನೆ ಅಲ್ಲ, 1789ರ ಏಪ್ರಿಲ್ 13ರಂದು ಅದು ರಚನೆಯಾಯಿತು. ಕಣ್ಣಿಗೆ ರಾಚುವ ಮೋಸ ಇದ್ದಾಗ ಅದು ಕೆಲಸ ಮಾಡಿದ್ದೂ ಉಂಟು. 1791ರಲ್ಲಿ ಜಾರ್ಜಿಯಾದಿಂದ ಸೇನಾನಿ ಆಂಥನಿ ವೇನ್ ಗೆದ್ದಾಗ, ಕ್ಯಾಮ್‌ಡೆನ್ ಕೌಂಟಿಯ ಮತಲೆಕ್ಕವನ್ನು ಹೆನ್ರಿ ಆಸ್ಬರ್ನ್ ಎಂಬ ನ್ಯಾಯಾಧೀಶ ತಿರುಚಿದ್ದು ಹೊರಬಿತ್ತು. 1792ರ ಮಾರ್ಚ್‌ನಲ್ಲಿ ಸಭೆ ವೇನ್‌ನ ಆಯ್ಕೆಯನ್ನು ರದ್ದುಮಾಡಿತು. ಸೋತ ಜೇಮ್ಸ್ ಜಾಕ್ಸನ್‌ಗೆ ಸೀಟು ಕೊಡಬೇಕೆ ಎಂಬುದರ ಮೇಲೆ ಮತ ಸಮಸಮವಾಗಿ, ಸ್ಪೀಕರ್ ಬೇಡವೆಂದು ಹಾಕಿ, ಸೀಟು ಖಾಲಿ ಎಂದಾಯಿತು.

ಹಾಗಾದರೆ ರಾಜ್ಯಗಳ ನಿಯಮವನ್ನು ತಿದ್ದುವ ಕಾಂಗ್ರೆಸ್ಸಿನ ಅಧಿಕಾರ ಏನಾಯಿತು? ಐವತ್ತು ವರ್ಷ ಅದು ನಿದ್ದೆ ಮಾಡಿತು. 1842ರಲ್ಲಿ ಮಾತ್ರ, ಒಂದಕ್ಕಿಂತ ಹೆಚ್ಚು ಸೀಟಿರುವ ರಾಜ್ಯಗಳು ಒಂದಕ್ಕೊಂದು ತಾಗಿಕೊಂಡ ಭೂಭಾಗದ ಏಕಸದಸ್ಯ ಕ್ಷೇತ್ರಗಳನ್ನೇ ಮಾಡಬೇಕು ಎಂಬ ಕಾನೂನು ಬಂತು. ಅಧ್ಯಕ್ಷ ಜಾನ್ ಟೈಲರ್ ಸಹಿ ಹಾಕಿದನಾದರೂ, ಇದು ಸಂವಿಧಾನಬದ್ಧವೇ ಎಂದು ಅನುಮಾನದ ಟಿಪ್ಪಣಿಯನ್ನೂ ಲಗತ್ತಿಸಿದ. ನ್ಯೂ ಹ್ಯಾಂಪ್‌ಷೈರ್, ಜಾರ್ಜಿಯಾ, ಮಿಸಿಸಿಪ್ಪಿ, ಮಿಸೌರಿ ಈ ಕಾನೂನನ್ನು ಮೂಲೆಗೆ ತಳ್ಳಿ ಜನರಲ್ ಟಿಕೆಟ್‌ನಲ್ಲೇ 21 ಮಂದಿಯನ್ನು ಕಳುಹಿಸಿದವು. 1844ರ ಫೆಬ್ರವರಿಯಲ್ಲಿ ಸಭೆ ಅವರೆಲ್ಲರನ್ನೂ ಒಪ್ಪಿಕೊಂಡಿತು, ಏಕೆಂದರೆ ಸಭೆಯ ಬಹುಮತ ಅವರಲ್ಲಿ ಹೆಚ್ಚಿನವರ ಪಕ್ಷದ್ದೇ. ಕಾನೂನಿನಲ್ಲಿ ಶಿಕ್ಷೆಯ ಸಾಲು ಇರಲಿಲ್ಲ. ಉಳಿದ ಎಳೆಗಳೂ ಹೀಗೆ ತಡವಾಗಿಯೇ ಹೊಲಿಯಲ್ಪಟ್ಟವು: ಕೂಗಿ ಹೇಳುವ ಮತದಾನ ನಿಂತು ಚೀಟಿ ಕಡ್ಡಾಯವಾದದ್ದು 1871ರಲ್ಲಿ, ದೇಶಕ್ಕೆಲ್ಲ ಒಂದೇ ಚುನಾವಣಾ ದಿನ ಎಂಬ ಕಾನೂನು 1872ರಲ್ಲಿ, ಕ್ಷೇತ್ರಗಳ ಜನಸಂಖ್ಯೆ ಸಮವಾಗಿರಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1964ರಲ್ಲಿ.

ನಮ್ಮ ಕಣ್ಣಿಗೆ ಇದು ವಿಚಿತ್ರವಾಗಿ ಕಾಣಲು ಕಾರಣವಿದೆ. ಕರ್ನಾಟಕದ 28 ಲೋಕಸಭಾ ಕ್ಷೇತ್ರಗಳ ಗೆರೆಯನ್ನು ವಿಧಾನಸೌಧ ಎಳೆಯುವುದಿಲ್ಲ. ಕ್ಷೇತ್ರ ಪುನರ್ವಿಂಗಡಣಾ ಆಯೋಗ ಎಳೆಯುತ್ತದೆ. 2008ರ ಮೇ ತಿಂಗಳ ನಮ್ಮ ವಿಧಾನಸಭಾ ಚುನಾವಣೆ ಹೊಸ ವಿಂಗಡಣೆಯಡಿ ದೇಶದಲ್ಲೇ ಮೊದಲು ನಡೆದದ್ದು. ಇಲ್ಲಿನ ಜಗಳ ಯಾವ ರಾಜ್ಯಕ್ಕೆ ಎಷ್ಟು ಸೀಟು ಎನ್ನುವುದರದು. ಅಮೆರಿಕದಲ್ಲಿ ಆ ಲೆಕ್ಕ ಜನಗಣತಿಯಿಂದ ತಾನಾಗಿ ಬೀಳುತ್ತದೆ, ಜಗಳ ಶುರುವಾಗುವುದು ಆಮೇಲೆ.

ಈಗಿನ ಕಾನೂನಿನ ಸ್ಥಿತಿ ನೋಡಿ. ಪಕ್ಷದ ಲಾಭಕ್ಕೆ ಗೆರೆ ತಿರುಚಿದರೆ ಫೆಡರಲ್ ನ್ಯಾಯಾಲಯಗಳು ತಲೆಹಾಕುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ರೂಚೋ ಪ್ರಕರಣದಲ್ಲಿ ಹೇಳಿತು. ರಾಜ್ಯದ ಶಾಸನಸಭೆ ಮಾಡಿದ್ದನ್ನು ಆ ರಾಜ್ಯದ ನ್ಯಾಯಾಲಯವೂ ಪ್ರಶ್ನಿಸಬಾರದು ಎಂಬ ವಾದವನ್ನು 2023ರ ಮೂರ್ ಪ್ರಕರಣದಲ್ಲಿ ತಳ್ಳಿಹಾಕಿತು. ಅಷ್ಟರಮಟ್ಟಿಗೆ ರಾಜ್ಯದೊಳಗೇ ಒಂದು ತಡೆ ಉಳಿದಿದೆ. ಸಂವಿಧಾನದ ಆ ನಾಲ್ಕನೇ ಸೆಕ್ಷನ್ನಿನಲ್ಲಿ ಅಧ್ಯಕ್ಷನಿಗೆ ಯಾವ ಪಾತ್ರವೂ ಇಲ್ಲ. 2025ರ ಮಾರ್ಚ್‌ನಲ್ಲಿ ಟ್ರಂಪ್ ಹೊರಡಿಸಿದ ಚುನಾವಣಾ ಆದೇಶದ ಮುಖ್ಯ ಭಾಗಗಳಿಗೆ ನ್ಯಾಯಾಲಯಗಳು ತಡೆ ನೀಡಿದ್ದು ಇದೇ ಆಧಾರದ ಮೇಲೆ. ಎರಡು ಜನಗಣತಿಗಳ ನಡುವೆ ನಕ್ಷೆ ಬದಲಾಯಿಸಬಾರದು ಎಂದು ಸಂವಿಧಾನದಲ್ಲಿ ಎಲ್ಲೂ ಇಲ್ಲ ಎಂಬುದನ್ನು 2006ರಲ್ಲಿ, ಅದೂ ಟೆಕ್ಸಾಸ್‌ನದೇ ಪ್ರಕರಣದಲ್ಲಿ, ಕೋರ್ಟ್ ಒಪ್ಪಿಯಾಗಿದೆ. ಅದನ್ನು ದೇಶಕ್ಕೆಲ್ಲ ಅನ್ವಯಿಸುವಂತೆ ನಿಷೇಧಿಸಬಲ್ಲದ್ದು ಕಾಂಗ್ರೆಸ್ ಒಂದೇ. 1842ರ ನಿಯಮ ಕಾಲಕ್ರಮದಲ್ಲಿ ಬಿದ್ದುಹೋಗಿ 1967ರಲ್ಲಿ ಹೊಸದಾಗಿ ಬಂದ ಕಾನೂನು ಏಕಸದಸ್ಯ ಕ್ಷೇತ್ರ ಕಡ್ಡಾಯ ಎನ್ನುತ್ತದೆ. ಹತ್ತು ವರ್ಷದಲ್ಲಿ ಎಷ್ಟು ಬಾರಿ ಗೆರೆ ಎಳೆಯಬಹುದು ಎಂದು ಅದರಲ್ಲಿ ಬರೆದಿಲ್ಲ. ಬರೆಯಬೇಕಾದವರು ಆ ಗೆರೆಗಳಿಂದಲೇ ಗೆದ್ದು ಬಂದವರು.